ಸೈರನ್ ಸತ್ತ ಮೇಲೆ ಹುಕ್ಕೇರಿ ದಾರಿ

ನನಗೆ ಜನರ ಮುಖಕ್ಕಿಂತ ಅವರ ಗಾಡಿಗಳ ಬೆನ್ನು ಹೆಚ್ಚು ಪರಿಚಯ. ಮೂಡಲಗಿಯ ಒಂದು ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ಸೈರನ್ ಹಾಕಿಕೊಂಡು ಹೊರಟೆನೆಂದರೆ ಮುಂದಿರುವ ಗಾಡಿಯವನು ಏನು ಮಾಡುತ್ತಾನೆ ಎಂಬುದನ್ನು ಅವನಿಗಿಂತ ಮೊದಲು ನಾನು ಊಹಿಸಬೇಕು. ಊಹೆ ತಪ್ಪಿದರೆ ಹಿಂದೆ ಮಲಗಿದವರ ಜೀವಕ್ಕೆ ಕುತ್ತು. ಹೀಗೆ ಊಹಿಸಿ ಊಹಿಸಿ ನನ್ನ ತಲೆಯಲ್ಲಿ ಒಂದು ಜಾತಿಪದ್ಧತಿಯೇ ಬೆಳೆದುಬಿಟ್ಟಿದೆ. ವಚನ ಬಾಯಿಪಾಠ ಮಾಡಿಸಿ ಬೆಳೆಸಿದ ಮನೆಯವನು ನಾನು, ಮನುಷ್ಯರಲ್ಲಿ ಜಾತಿ ಎಣಿಸುವುದಿಲ್ಲ. ಕಾರುಗಳಲ್ಲಿ ಎಣಿಸುತ್ತೇನೆ.

ಆಲ್ಟೊ ಎಂದರೆ ನನ್ನ ಲೆಕ್ಕದಲ್ಲಿ ಶಾಲೆಯ ಮಾಸ್ತರರು. ಗಾಡಿ ಹಳೆಯದಾದರೂ ಸೀಟಿನ ಪ್ಲಾಸ್ಟಿಕ್ ತೆಗೆದಿರುವುದಿಲ್ಲ. ಸೈರನ್ ಕಿವಿಗೆ ಬಿದ್ದರೆ ಸಾಕು, ಎಡಕ್ಕೆ ಇಂಡಿಕೇಟರ್ ಹಾಕಿ, ಬಲಕ್ಕೆ ಹೊರಳಿ, ಗಡಿಬಿಡಿಯಲ್ಲಿ ವೈಪರನ್ನೂ ಚಾಲೂ ಮಾಡಿ ನಟ್ಟನಡುವೆ ನಿಂತುಬಿಡುತ್ತಾರೆ. ಬೊಲೆರೊದವರು ಹಾದಿ ಬಿಡುತ್ತಾರೆ, ಆದರೆ ಬಿಟ್ಟದ್ದು ನಾಲ್ಕು ಮಂದಿಗೆ ತಿಳಿಯಬೇಕು. ಕೈ ಹೊರಗೆ ಚಾಚಿ ಎದುರಿನ ಗಾಡಿಗಳನ್ನೆಲ್ಲ ನಿಲ್ಲಿಸಿ, ನಾನು ಹಾಯ್ದು ಹೋಗುವಾಗ ಮುಖ ನೋಡಿ ತಲೆಯಾಡಿಸುತ್ತಾರೆ. ಮುಂದಿನ ಪಂಚಾಯ್ತಿ ಇಲೆಕ್ಷನ್ನಿಗೆ ನಿಂತವರ ಹಾಗೆ. ಓಮ್ನಿಯಲ್ಲಿ ಯಾರದೋ ಮಗುವಿನ ಜವಳಕ್ಕೆ ಹೊರಟ ಇಡೀ ಬೀಗರ ಬಳಗ ಇರುತ್ತದೆ. ಡ್ರೈವರನಿಗೆ ಕನ್ನಡಿಯಲ್ಲಿ ತಲೆಗಳು ಕಾಣುತ್ತವೆಯೇ ಹೊರತು ಆಂಬುಲೆನ್ಸ್ ಕಾಣುವುದಿಲ್ಲ, ಹಿಂದಿನ ಗಾಜಿನಿಂದ ಮಕ್ಕಳು ಮಾತ್ರ ನನಗೆ ಟಾಟಾ ಮಾಡುತ್ತಿರುತ್ತವೆ.

ಹಳದಿ ಪ್ಲೇಟಿನ ಬಾಡಿಗೆ ಕಾರಿನವರದು ಬೇರೆಯೇ ಚಾಳಿ. ಹಾದಿ ಬಿಟ್ಟ ಮರುಗಳಿಗೆಯೇ ನನ್ನ ಬಾಲಕ್ಕೆ ಅಂಟಿಕೊಂಡು, ನಾನು ಮಾಡಿದ ಸಂದಿಯಲ್ಲಿ ತೂರಿ ಬರುತ್ತಾರೆ. ಒಬ್ಬ ಪುಣ್ಯಾತ್ಮ ಹಾಗೆಯೇ ಬಂದು ಗೋಕಾಕದ ಆಸ್ಪತ್ರೆಯ ಗೇಟಿನೊಳಗೆ ನಿಂತು, "ಅಣ್ಣಾರ, ಬಸ್‌ಸ್ಟ್ಯಾಂಡ್ ಹಿಂದ ಉಳೀತೇನ್ರಿ?" ಎಂದು ಕೇಳಿದ್ದ.

ಇವರೆಲ್ಲರನ್ನೂ ಸಹಿಸಬಲ್ಲೆ. ಕಪ್ಪು ಗಾಜಿನ ಸ್ಕಾರ್ಪಿಯೊದವರನ್ನು ಮಾತ್ರ ಸಹಿಸಲಾರೆ. ಹಿಂದಿನ ಗಾಜಿನ ತುಂಬ ಯಾರೋ ಸಾಹುಕಾರರ ಮೀಸೆಯ ಫೋಟೊ, ಒಳಗೆ ಎದೆ ನಡುಗಿಸುವ ಹಾಡು, ದನ ಬೆದರಿ ಹಗ್ಗ ಹರಿಯುವಂಥ ಹಾರ್ನು. ಅವರು ಸೈರನ್ನನ್ನು ಸವಾಲೆಂದು ತಿಳಿಯುತ್ತಾರೆ. ಗೋಕಾಕ ಫಾಲ್ಸ್ ಇಳಿಜಾರಿನಲ್ಲಿ ಒಬ್ಬ ನನ್ನ ಜೊತೆ ರೇಸ್ ಕಟ್ಟಿ, ಗೆದ್ದು, ಕಿಟಕಿಯಿಂದ ಹೆಬ್ಬೆರಳು ತೋರಿಸಿ ಹೋಗಿದ್ದ. ನನ್ನ ಗಾಡಿಯೊಳಗೆ ಹೆರಿಗೆ ನೋವಿನ ಹೆಣ್ಣುಮಗಳಿದ್ದಳು.

"ಅಣ್ಣಾರ, ನೀವು ಗಾಡಿ ನೋಡಿ ಹೆಣ್ಣು ಕೊಡೂ ಪೈಕಿ ಬಿಡ್ರಿ," ಎಂದು ನಮ್ಮ ಸಿಸ್ಟರ್ ನಗುತ್ತಾರೆ. ನನ್ನ ಜೊತೆ ಹಿಂದೆ ರೋಗಿಯನ್ನು ನೋಡಿಕೊಳ್ಳುವ ನರ್ಸ್ ಅವರು, ಹುಕ್ಕೇರಿ ಕಡೆಯವರು. "ನಿಮ್ಮ ಬಗ್ಗೆ ಮಂದಿ ಏನ ಅಂತಾರ ಗೊತ್ತೈತೇನ್ರಿ? ಆಂಬುಲೆನ್ಸಿನಾಂವ ಚಹಾ ಕುಡ್ಯಾಕೂ ಸೈರನ್ ಹಾಕ್ಕೊಂಡ ಹೊಕ್ಕಾನಂತ." ಅದೂ ಸುಳ್ಳೇನಲ್ಲ, ಅಂಥವರೂ ಇದ್ದಾರೆ. ಆದರೆ ಆ ಭಾನುವಾರ ನನ್ನ ಗಾಡಿಗೆ ಸೈರನ್ನೇ ಇಲ್ಲದಂತಾಯಿತು. ಅದನ್ನೇ ಹೇಳಹೊರಟಿದ್ದೇನೆ.

ಮಳೆಗಾಲ. ತುಕ್ಕಾನಟ್ಟಿಯ ಕಡೆಯ ಒಬ್ಬ ಹೆಣ್ಣುಮಗಳನ್ನು ಬೆಳಿಗ್ಗೆ ಮೋಟಾರ್‌ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ತಂದಿದ್ದರು. ದನಕ್ಕೆ ಹಾಕಲು ಬಣವೆಯಿಂದ ಕಣಿಕೆ ಹಿರಿಯುವಾಗ ನಾಗರಹಾವು ಕಡಿದಿತ್ತು. ಔಷಧ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ರೆಪ್ಪೆ ಜೋತವು, ಮಾತು ತೊದಲಿ ನಿಂತಿತು, ಆಮೇಲೆ ಉಸಿರೂ ಸೋಲತೊಡಗಿತು. ಡಾಕ್ಟರು ಗಂಟಲಿಗೆ ನಳಿಕೆ ಹಾಕಿ, ಅದಕ್ಕೆ ರಬ್ಬರಿನ ಚೀಲ ಜೋಡಿಸಿ, ಸಿಸ್ಟರ್ ಕೈಗೆ ಕೊಟ್ಟರು. ಆ ಚೀಲವನ್ನು ಒತ್ತಿದರೆ ಅವಳಿಗೆ ಉಸಿರು, ಬಿಟ್ಟರೆ ಇಲ್ಲ.

"ವೆಂಟಿಲೇಟರ್ ಬೇಕು, ನಮ್ಮಲ್ಲಿಲ್ಲ," ಎಂದರು ಡಾಕ್ಟರು. ಬೆಳಗಾವಿಯಿಂದ ವೆಂಟಿಲೇಟರ್ ಇರುವ ಗಾಡಿ ಗೋಕಾಕಕ್ಕೆ ಬರುವುದು, ಅಲ್ಲಿ ನಾವು ರೋಗಿಯನ್ನು ಅದಕ್ಕೆ ಒಪ್ಪಿಸುವುದು ಎಂದು ಫೋನಿನಲ್ಲಿ ಠರಾಯಿಸಿದರು. ಹೀಗೆ ನಡುದಾರಿಯಲ್ಲಿ ಗಾಡಿ ಬದಲಿಸುವುದು ನಮಗೆ ಹೊಸದಲ್ಲ. ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿದೆ, ಸ್ಟ್ರೆಚರಿನ ಪಟ್ಟಿ ಎಳೆದು ನೋಡಿದೆ. ಹಿಂದೆ ಸಿಸ್ಟರ್ ಒಬ್ಬರೇ. ರೋಗಿಯ ಗಂಡನನ್ನು ನನ್ನ ಬಾಜೂ ಕೂರಿಸಿಕೊಂಡೆ. ಕುರಿ ಸಾಕಿದ ಮನೆತನದವನು, ಹೆಗಲ ಮೇಲೆ ತೊಯ್ದ ಕಂಬಳಿ, ಕಾಲಲ್ಲಿ ಬಣವೆಯ ಕೆಸರು ಹಾಗೇ ಇತ್ತು. ಹೊರಡುವಾಗ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು. ಗಕ್ಕನೆ ಬ್ರೇಕ್ ಹಾಕಬೇಡ, ನಳಿಕೆ ಸರಿದರೆ ದಾರಿಯಲ್ಲಿ ಮತ್ತೆ ಹಾಕುವವರಿಲ್ಲ.

ಅರಭಾವಿಯ ತನಕ ಎಲ್ಲ ಸರಿ ಇತ್ತು. ಅಲ್ಲಿ ಬೆಳಗಾವಿ ಗಾಡಿಯ ಡ್ರೈವರ್ ಫೋನ್ ಮಾಡಿದ. "ಫಾಲ್ಸ್ ನೋಡಾಕ ಮಂದಿ ಬಂದು ರೋಡ್ ಪೂರಾ ಜಾಮ್ ಐತಂತ್ರಿ. ಆ ಕಡೆ ಬಂದ್ರ ನಾ ಸಿಗಬೀಳ್ತೇನಿ. ಹೈವೇ ಹಿಡದು ಹುಕ್ಕೇರಿಗೆ ಬರ್ತೇನಿ, ನೀವೂ ಅಲ್ಲಿಗೇ ಬರ್ರಿ." ಮಳೆಗಾಲದ ಭಾನುವಾರ ಫಾಲ್ಸ್ ಹಾದಿಯಲ್ಲಿ ಕಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ, ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತ ನಿಲ್ಲುವವರನ್ನು ನಾನೂ ಕಂಡವನೇ. ಸ್ಟೀರಿಂಗ್ ಹುಕ್ಕೇರಿ ಕಡೆಗೆ ತಿರುಗಿಸಿದೆ. ಹಾದಿ ಉದ್ದವಾಯಿತು. ಸಿಸ್ಟರ್ ಕೈ ಎಷ್ಟು ಹೊತ್ತು ತಡೆದೀತು ಎಂಬುದೊಂದೇ ನನ್ನ ಚಿಂತೆ.

ಘಟಪ್ರಭಾ ದಾಟಿದ ಮೇಲೆ ಮಳೆ ಜೋರಾಯಿತು. ಸೈರನ್ ಒಮ್ಮೆ ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು, ನಿಂತಿತು. ಅದರ ಜೊತೆಗೇ ನೆತ್ತಿಯ ನೀಲಿ ದೀಪವೂ ಆರಿತು. ಎರಡಕ್ಕೂ ಒಂದೇ ಫ್ಯೂಸ್. ಬದಿಗೆ ಹಚ್ಚಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಹೊಸ ಫ್ಯೂಸ್ ಚುಚ್ಚಿದೆ. ಸೈರನ್ ಒಂದು ಸಲ ಕೂಗಿ ಮತ್ತೆ ಸತ್ತಿತು. ಇನ್ನೊಂದು ಹಾಕಿದೆ, ಅದೂ ಸುಟ್ಟಿತು. ಮೇಲೆ ಎಲ್ಲೋ ವೈರಿಗೆ ನೀರು ಇಳಿದಿರಬೇಕು. ಅದನ್ನು ಹುಡುಕುತ್ತ ಕೂಡ್ರುವ ಹೊತ್ತಲ್ಲ. ಮಳೆಯಲ್ಲಿ ಕಾಣಲೆಂದು ಹೆಡ್‌ಲೈಟ್ ಹಚ್ಚಿ, ನಾಲ್ಕೂ ಇಂಡಿಕೇಟರ್ ಮಿಣುಕಿಸಿ ಹೊರಟುಬಿಟ್ಟೆ. ನನ್ನ ಗಾಡಿಯ ಸಾದಾ ಹಾರ್ನು ಆಡಿನ ಮರಿ ಕೂಗಿದಂತೆ.

ಇಲ್ಲಿ ನಮ್ಮ ಕಡೆಯ ರೂಢಿಯೊಂದನ್ನು ಹೇಳಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಊರಿಗೆ ತರುವಾಗ ನಾವು ಸೈರನ್ ಹಾಕುವುದಿಲ್ಲ. ಹಗಲಾದರೂ ಹೆಡ್‌ಲೈಟ್ ಹಚ್ಚಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಸಾವಕಾಶ ಹೋಗುತ್ತೇವೆ. ಕಂಡ ಮಂದಿ ಹಾಡು ಬಂದ್ ಮಾಡುತ್ತಾರೆ, ಟೋಪಿ ತೆಗೆಯುತ್ತಾರೆ. ಹೆಣದ ಗಾಡಿಯನ್ನು ಯಾರೂ ಹಿಂದೆ ಹಾಕುವುದಿಲ್ಲ. ಮುಂದಿದ್ದವರೂ ಓಡುವುದಿಲ್ಲ, ಸತ್ತವರಿಗೆ ಬೆನ್ನು ತೋರಿಸಿ ಓಡಬಾರದಂತೆ. ಈ ರೂಢಿಯನ್ನು ಹಾದಿಹಾದಿಗೆ ಕಲಿಸಿದವರು ನಮ್ಮಂಥ ಡ್ರೈವರುಗಳೇ. ನಾನು ಈಗ ಅದೇ ವೇಷದಲ್ಲಿ ಹೊರಟಿದ್ದೆ. ಅದು ನನಗೆ ಹೊಳೆದದ್ದು ಮುಂದೆ ಒಂದು ಬಿಳಿ ಆಲ್ಟೊ ಸಿಕ್ಕಾಗ.

ಮಾಸ್ತರರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಗಡಿಬಿಡಿಯಿಲ್ಲ, ವೈಪರಿಲ್ಲ. ತಾವೂ ನಾಲ್ಕು ಇಂಡಿಕೇಟರ್ ಹಾಕಿ, ಎತ್ತಿನ ಗಾಡಿಯ ವೇಗಕ್ಕೆ ಇಳಿದು, ರಸ್ತೆಯ ನಡುವೆ ಗಂಭೀರವಾಗಿ ನನ್ನ ಮುಂದೆ ಸಾಗತೊಡಗಿದರು. ಹಾರ್ನ್ ಹೊಡೆದೆ. ಕೈ ಹೊರಗೆ ಹಾಕಿ, ತಿಳಿಯಿತು, ಸಾವಕಾಶ ಹೋಗೋಣ ಎಂಬಂತೆ ಅಂಗೈ ತೋರಿಸಿದರು. ಮತ್ತೆ ಹೊಡೆದೆ. ಇನ್ನಷ್ಟು ಸಾವಕಾಶವಾದರು. ಬಲದಿಂದ ದಾಟೋಣವೆಂದರೆ ಎದುರಿನಿಂದ ಬಂದ ಬೊಲೆರೊ ಅಲ್ಲೇ ನಿಂತು, ಒಳಗಿದ್ದ ಹಿರಿಯರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಹಿಂದೆ ಬಂದವರೂ ನಿಂತರು. ನನ್ನ ಹಿಂದೆ ಒಂದು ಓಮ್ನಿ ಬಂದು ಸೇರಿಕೊಂಡಿತು. ಅದರಲ್ಲಿದ್ದ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ಹೊತ್ತಿಗೆ ಮಾತ್ರ, ಇಷ್ಟು ಮರ್ಯಾದೆ ಕೊಟ್ಟೇ ಇವರು ಅವಳನ್ನು ಕೊಲ್ಲುತ್ತಾರೆ ಎನಿಸಿತು.

ರಸ್ತೆ ಬದಿಯ ಚಹಾದ ಅಂಗಡಿಯಿಂದ ಒಬ್ಬ ಅಜ್ಜಿ ಮಳೆಯಲ್ಲೇ ಹೊರಗೆ ಬಂದಳು. ಒಂದು ಮುಷ್ಟಿ ಚುರಮರಿಯನ್ನು ನನ್ನ ಬಾನೆಟ್ಟಿನ ಮೇಲೆ ಎರಚಿ ಕೈಮುಗಿದಳು. ಹೆಣದ ಮೆರವಣಿಗೆಗೆ ಎರಚುವ ಚುರಮರಿ.

ಬಾಜೂ ಕೂತಿದ್ದ ಗಂಡ ಒದ್ದೆ ಗಾಜಿಗೆ ಅಂಟಿದ ಚುರಮರಿಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಹೋದ್ಲೇನ್ರಿ?"

"ಇಲ್ಲ ತಮ್ಮಾ, ಹಂಗೇನೂ ಇಲ್ಲ."

"ಮಂದಿ ಕೈ ಮುಗ್ಯಾಕತ್ತಾರ. ನಿಮಗ ಗೊತ್ತೈತಿ, ಹೇಳವಲ್ರಿ. ಸೈರನ್ ಯಾಕ ಬಂದ್ ಮಾಡೀರಿ?"

ಫ್ಯೂಸ್ ಸುಟ್ಟಿದೆ ಎಂದೆ. ಅವನು ನಂಬಲಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ನಂಬಿಕೆ ಇರಲಿಲ್ಲ. ಕ್ಯಾಬಿನ್ನಿಗೂ ಹಿಂಭಾಗಕ್ಕೂ ನಡುವೆ ಸರಿಸುವ ಗಾಜೊಂದಿದೆ. ಸಿಸ್ಟರ್ ಒಮ್ಮೆ ಬಡಿದರೆ ನಿಧಾನ, ಎರಡು ಸಲ ಬಡಿದರೆ ಜೋರು ಎಂದು ನಮ್ಮಲ್ಲಿ ಸಂಕೇತ. ಬಹಳ ಹೊತ್ತಿನಿಂದ ಅವರು ಬಡಿದೇ ಇರಲಿಲ್ಲ. ಗಾಜು ಸರಿಸಲು ಕೈ ಹೋಯಿತು, ಹೆದರಿ ಹಿಂದೆ ಬಂತು. ಕೊನೆಗೆ ಸರಿಸಿದೆ. ಅಷ್ಟರಲ್ಲಿ ಗಂಡ ತಡೆಯಲಾರದೆ, "ಹೋದ್ಲು, ನನ್ನ ಬಿಟ್ಟ ಹೋದ್ಲು," ಎಂದು ದನಿ ತೆಗೆದು ಅಳತೊಡಗಿದ್ದ.

ಸಿಸ್ಟರ್ ಮೊಣಕಾಲೂರಿ ಕೂತಿದ್ದರು. ಎರಡೂ ಕೈ ಚೀಲದ ಮೇಲೆ, ಬಡಿಯಲು ಮೂರನೆಯ ಕೈ ಇರಲಿಲ್ಲ. ಚೀಲ ಒತ್ತಿದಾಗಲೆಲ್ಲ ಅವಳ ಎದೆ ಏಳುತ್ತಿತ್ತು. ಸಿಸ್ಟರ್ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. "ಯಾಕ ಇಷ್ಟ ಸಾವಕಾಶ ಹೊಂಟೀರಿ? ನನ್ನ ಕೈ ಸೋತಾವು," ಎಂದರು. ಗಾಜು ಮುಚ್ಚಿ, ಗಂಡನ ತೋಳು ಹಿಡಿದು, ಇನ್ನೂ ಜೀವಂತ ಅದಾಳ ಎಂದು ಹೇಳಿದೆ. ಅವನು ಅಳುತ್ತಲೇ ಇದ್ದ.

ಆಗ ಹಿಂದಿನಿಂದ ಆ ಹಾರ್ನು ಕೇಳಿತು. ಕನ್ನಡಿಯಲ್ಲಿ ಕಪ್ಪು ಸ್ಕಾರ್ಪಿಯೊ. ಓಮ್ನಿಯನ್ನು ದಾಟಿ, ಕೆಸರು ಹಾರಿಸುತ್ತ, ಹೆಣದ ಗಾಡಿ ಎಂಬ ಅಂಜಿಕೆಯಿಲ್ಲದೆ, ನಿಂತ ಮಂದಿಯ ನಡುವಿನ ಸಂದಿಯಲ್ಲೇ ನುಗ್ಗಿ ಬರುತ್ತಿತ್ತು. ಬಾಯಿಗೆ ಬಂದ ಬೈಗುಳ ಅರ್ಧಕ್ಕೆ ನಿಂತಿತು. ಈ ಹಾದಿಯಲ್ಲಿ ಸತ್ತವರಿಗೆ ಮರ್ಯಾದೆ ಕೊಡದವನು ಇವನೊಬ್ಬನೇ. ನನಗೆ ಈಗ ಬೇಕಾದವನೂ ಇವನೊಬ್ಬನೇ.

ಸ್ಟೀರಿಂಗ್ ಬಲಕ್ಕೆ ಎಳೆದು ಅಡ್ಡ ನಿಲ್ಲಿಸಿದೆ. ಹೀಗೆ ಮಾಡುವಂತಿಲ್ಲ. ಹೊರಗಿನ ಗಾಡಿಯನ್ನು ಮುಂದೆ ಬಿಟ್ಟುಕೊಂಡು ರೋಗಿಯನ್ನು ಒಯ್ಯಲು ನಮಗೆ ಅಪ್ಪಣೆಯಿಲ್ಲ. ಅವನು ಯಾರಿಗಾದರೂ ಗುದ್ದಿದರೆ ಹೊಣೆ ನನ್ನದು, ನೌಕರಿಯೂ ಹೋಗುತ್ತದೆ. ಆದರೂ ಇಳಿದು ಅವನ ಕಿಟಕಿಗೆ ಓಡಿದೆ.

ಗಾಜು ಇಳಿಯಿತು. ನಲವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಹಗ್ಗದಂಥ ಬಂಗಾರದ ಸರ. ಬಾಜೂ ಅವನಿಗಿಂತ ದಪ್ಪಗಿನ ಇನ್ನೊಬ್ಬ.

"ಏನ್ರೀ, ಹೆಣಾ ಇಟ್ಕೊಂಡು ಅಡ್ಡ ಬರ್ತೀರಿ?"

"ಹೆಣಾ ಅಲ್ರಿ, ಜೀವ ಐತಿ. ಹಾವು ಕಡದೈತಿ, ಕೈಲೇ ಉಸರ ಕೊಡಾಕತ್ತೇವಿ. ಸೈರನ್ ಹೋಗೇತಿ, ಮಂದಿ ಹೆಣಾ ಅಂತ ಹಾದಿ ಬಿಡವಲ್ರು. ಹುಕ್ಕೇರಿ ತನಕಾ ಮುಂದ ನಡೀರಿ, ನಿಮ್ಮ ಕಾಲ ಬೀಳ್ತೇನಿ."

ಅವನು ಹಾಡು ಬಂದ್ ಮಾಡಿದ. ನನ್ನ ಗಾಡಿಯ ಕಡೆ ಒಮ್ಮೆ ನೋಡಿದ.

"ಹಾರ್ನ್ ಎಷ್ಟ ಹೊಡೀಲಿ?"

"ನಿಮಗ ಎಷ್ಟ ಹೊಡ್ಯಾಕ ಬರ್ತೈತೋ ಅಷ್ಟ. ಆದ್ರ ಒಮ್ಮೆಲೇ ಬ್ರೇಕ್ ಹಾಕಬ್ಯಾಡ್ರಿ. ನಾ ಬ್ರೇಕ್ ಹೊಡದ್ರ ಒಳಗ ನಳಿಗಿ ಸರೀತೈತಿ."

"ಆತು, ಹತ್ರಿ ಗಾಡಿ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಾರ್ನು ಮೊಳಗಿತು. ದಪ್ಪಗಿನವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ, ಹೊಟ್ಟೆ ಸಿಕ್ಕಿಕೊಂಡಿತು, ಹಿಂದೂ ಹೋಗಲಾರ, ಮುಂದೂ ಬರಲಾರ. ಅಲ್ಲಿಂದಲೇ ಟವೆಲ್ ತಿರುಗಿಸುತ್ತ ಒದರತೊಡಗಿದ. "ಜೀವ ಐತಿ. ಬಾಜೂ ಸರೀರಿ, ಜೀವ ಐತಿ." ಮಾಸ್ತರರು ಬೆಚ್ಚಿಬಿದ್ದರು. ಎಡ ಇಂಡಿಕೇಟರ್, ಬಲಕ್ಕೆ ಹೊರಳು, ವೈಪರ್ ಎಲ್ಲ ಒಟ್ಟಿಗೆ ಚಾಲೂ ಆಗಿ, ಕೊನೆಗೆ ಹೇಗೋ ಹೊಲದ ಬದುವಿಗೆ ಹೋಗಿ ನಿಂತರು. ಬೊಲೆರೊದ ಹಿರಿಯರು ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು, ಇಳಿದು ಕೈ ಬೀಸಿ ಹಿಂದಿನವರನ್ನು ಸರಿಸಿದರು.

ಸ್ಕಾರ್ಪಿಯೊದವನು ಹೇಳಿದ ಮಾತಿಗೆ ತಪ್ಪಲಿಲ್ಲ. ತಗ್ಗು ಬಂದರೆ ದೂರದಿಂದಲೇ ಕೈ ತೋರಿಸುತ್ತಿದ್ದ, ವೇಗ ತಗ್ಗಿಸುವ ಮೊದಲು ಬ್ರೇಕಿನ ದೀಪ ಮಿಣುಕಿಸುತ್ತಿದ್ದ. ಆದರೂ ಪ್ರತಿ ತಿರುವಿಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಊರು ಸಿಕ್ಕಲ್ಲೆಲ್ಲ ಹಾರ್ನಿಗಿಂತ ಮುಂಚೆ ಆ ಕೂಗು ಮುಟ್ಟುತ್ತಿತ್ತು. ಬಸ್‌ಸ್ಟಾಪಿನಲ್ಲಿ ನಿಂತವರು ಸೈಕಲ್, ಬುಟ್ಟಿ ಎತ್ತಿಕೊಂಡು ಬದಿಗೆ ಸರಿಯುತ್ತಿದ್ದರು.

ಒಂದು ಕಡೆ ಎಲ್ಲವೂ ನಿಂತಿತು. ರಸ್ತೆಯ ತುಂಬ ಕುರಿ. ಹಾರ್ನಿಗೆ ಬೆದರಿದ ಹಿಂಡು ಚದುರುವ ಬದಲು ನಡುರಸ್ತೆಯಲ್ಲೇ ಒತ್ತೊತ್ತಾಗಿ ಗುಂಪುಗೂಡಿತು. ನಾನು ಬಾಗಿಲು ತೆಗೆಯುವ ಮೊದಲೇ ಅವಳ ಗಂಡ ಇಳಿದಿದ್ದ. ಹಾರ್ನ್ ನಿಲ್ಲಿಸಲು ಕೈಸನ್ನೆ ಮಾಡಿ, ಅಳುವ ಗಂಟಲಿನಲ್ಲೇ ಕುರಿಯನ್ನು ಕರೆಯುವ ದನಿ ತೆಗೆದ. ಮುಂದಿನ ಟಗರಿನ ಕೊಂಬು ಹಿಡಿದು ಬದಿಗೆ ಎಳೆದುಕೊಂಡು ಹೋದ. ಹಿಂಡು ಅದರ ಬೆನ್ನು ಹತ್ತಿತು. ಓಡಿ ಬಂದು ಹತ್ತಿ ಕೂತು, "ನಡೀರಿ ಅಣ್ಣಾರ," ಎಂದ. ಆಮೇಲೆ ಅವನು ಅಳಲಿಲ್ಲ.

ಹುಕ್ಕೇರಿಯ ಕ್ರಾಸಿನಲ್ಲಿ ಬೆಳಗಾವಿ ಗಾಡಿ ಹಿಂದಿನ ಬಾಗಿಲು ತೆರೆದು ನಿಂತಿತ್ತು. ಗಾಡಿಗಳ ಬೆನ್ನಿಗೆ ಬೆನ್ನು ಹಚ್ಚಿ ಸ್ಟ್ರೆಚರ್ ಸರಿಸಿದೆವು. ಸಿಸ್ಟರ್ ಚೀಲ ಒತ್ತುತ್ತಲೇ ಅದರ ಜೊತೆ ನಡೆದರು. ಆ ಗಾಡಿಯ ಡಾಕ್ಟರು ನಳಿಕೆ ಸರಿಯಾಗಿದೆಯೇ ಎಂದು ಎದೆಗೆ ಸ್ಟೆತಸ್ಕೋಪ್ ಹಚ್ಚಿ ಕೇಳಿ, ಮಶೀನಿಗೆ ಜೋಡಿಸಿ, "ಬಿಡ್ರಿ ಸಿಸ್ಟರ್, ಸಾಕು," ಎಂದರು. ಸಿಸ್ಟರ್ ಬಿಡಲಿಲ್ಲ. "ಬೆರಳ ಬಿಚ್ಚವಲ್ವು," ಎಂದರು. ನಾನೇ ಒಂದೊಂದಾಗಿ ಬಿಡಿಸಿದೆ. ಗಂಡ ಆ ಗಾಡಿ ಹತ್ತಿದ, ಬಾಗಿಲು ಮುಚ್ಚಿತು, ಸೈರನ್ ಹಾಕಿಕೊಂಡು ಹೊರಟುಹೋಯಿತು.

ದಪ್ಪಗಿನವನನ್ನು ಕಿಟಕಿಯಿಂದ ಒಳಗೆ ತಳ್ಳಲು ಇಬ್ಬರು ಬೇಕಾದರು. ಅವನ ದನಿ ಪೂರಾ ಕೂತುಹೋಗಿತ್ತು. "ಉಳೀತಾರೇನ್ರಿ?" ಎಂದು ಪಿಸುಗುಟ್ಟಿದ. ಗೊತ್ತಿಲ್ಲ ಎಂದೆ. ನಾಲ್ವರೂ ಅಲ್ಲೇ ಚಹಾ ಕುಡಿದೆವು. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದರೆ, ಡ್ಯಾಮಿನ ಕಡೆ ಪಾರ್ಟಿಗೆ ಎಂದರು. ಹಿಂದಿನ ಸೀಟಿನ ತುಂಬ ಬಾಟಲಿಗಳಿದ್ದವು. ಸ್ಕಾರ್ಪಿಯೊದವರ ಬಗ್ಗೆ ನನ್ನ ಲೆಕ್ಕವೇನೂ ತಪ್ಪಿರಲಿಲ್ಲ.

ಆಮೇಲಿನ ದಿನಗಳು ಆ ಹಾದಿಗಿಂತ ಕಷ್ಟವಾದವು. ಗಂಡನ ಫೋನ್ ಹತ್ತಲಿಲ್ಲ. ಬೆಳಗಾವಿಯಿಂದ ಒಮ್ಮೆ ಇನ್ನೂ ಮಶೀನಿನ ಮೇಲಿದ್ದಾಳೆ ಎಂಬ ಸುದ್ದಿ ಬಂತು, ಆಮೇಲೆ ಅದೂ ಇಲ್ಲ. ಫ್ಯೂಸ್ ಸುಡುತ್ತ ಕಳೆದ ಹೊತ್ತು, ಮಾಸ್ತರರ ಹಿಂದೆ ತೆವಳಿದ ಹೊತ್ತು ನನ್ನನ್ನು ತಿನ್ನುತ್ತಿತ್ತು. ಎಲೆಕ್ಟ್ರಿಶಿಯನ್ ವೈರು ಬದಲಿಸಿ ಸೈರನ್ ಕೂಗಿಸಿ ತೋರಿಸಿದಾಗ ಸಿಸ್ಟರ್ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ತುಕ್ಕಾನಟ್ಟಿಯ ಕಡೆ ಹೋಗಬೇಕಾದಾಗ, ಅವರ ಮನೆ ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಸಂತೆಯ ದಿನ ಗಾಡಿ ಒರೆಸುತ್ತಿದ್ದೆ. ಗಂಡಹೆಂಡತಿ ಬಸ್ಸಿನಿಂದ ಇಳಿದು ಆಸ್ಪತ್ರೆಗೆ ಬಂದರು, ಕಡಿದ ಗಾಯಕ್ಕೆ ಪಟ್ಟಿ ಬದಲಿಸಿಕೊಳ್ಳಲು. ನಾನು ಅವಳನ್ನು ಗುರುತಿಸಲಿಲ್ಲ, ಅವನನ್ನು ಗುರುತಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲು ಹೋಗಲಿಲ್ಲ. ಅವಳು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ಒಳಗೆಲ್ಲ ಕಣ್ಣಾಡಿಸಿದಳು. ದನಿ ಇನ್ನೂ ಒಡ್ಡಾಗಿತ್ತು.

"ಕಣ್ಣ ತೆರ್ಯಾಕ ಬರ್ತಿರ್ಲಿಲ್ರಿ, ಆದ್ರ ಕಿವಿ ಕೇಳಾಕತ್ತಿದ್ವು," ಎಂದಳು. "ಸೈರನ್ ಬಂದ್ ಆತು. ಗಾಡಿ ಸಾವಕಾಶ ಆತು. ಇವರು ಹೋದ್ಲು ಅಂತ ಅಳಾಕತ್ರು. ಹೌದ, ನಾ ಸತ್ತೇನಿ, ಊರಿಗೆ ಒಯ್ಯಾಕತ್ತಾರ ಅಂತ ನಾನೂ ತಿಳಕೊಂಡ್ನಿ."

ಗಂಡ ನೆಲ ನೋಡುತ್ತ ನಿಂತಿದ್ದ.

"ಆಮ್ಯಾಲೆ ಹೊರಗ ಯಾರೋ ಒಬ್ಬಾಂವ, ಜೀವ ಐತಿ, ಜೀವ ಐತಿ ಅಂತ ಒದರ್ಕೋತ ಹೊಂಟ. ಯಾರಿಗಪಾ ಐತಿ ಅಂತ ಕೇಳ್ಕೋತ ಮಲಗಿದ್ನಿ. ಭಾಳ ಹೊತ್ತಾದ ಮ್ಯಾಲೆ ತಿಳೀತ್ರಿ, ನನಗ ಅಂತ."